ಹೆಸರು ಅಳಿಸಿ ಓದಿ: ದೇಶವೊಂದನ್ನು ಬಣ್ಣಿಸುವ ಇಂಗ್ಲಿಷ್ ಪದಗಳು

(ಇಂಗ್ಲಿಷ್ ಕಲಿಯುವವರು ಮತ್ತು ಕಲಿಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಕೆಲವು ಉದಾಹರಣೆಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯದಿಂದ ಶುರು ಮಾಡುತ್ತೇನೆ. 'ಐಸ್‌ಲ್ಯಾಂಡ್ ಈಸ್ ಎ ವೆರಿ ಬ್ಯೂಟಿಫುಲ್ ಕಂಟ್ರಿ ವಿತ್ ಎ ರಿಚ್ ಕಲ್ಚರ್ ಅಂಡ್ ಎ ಗ್ರೇಟ್ ಹಿಸ್ಟರಿ.' ಇಂಥ ವಾಕ್ಯವನ್ನು ನಾನು ಎಷ್ಟು ಪ್ರಬಂಧಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ, ಕೆಂಪು ಶಾಯಿಗೆ ಕೆಲಸವೇ ಇಲ್ಲ. ಈಗ ಅದರಲ್ಲಿ 'ಐಸ್‌ಲ್ಯಾಂಡ್' ಅಳಿಸಿ 'ಪೆರು' ಅಂತ ಬರೆಯಿರಿ. ವಾಕ್ಯ ಹಾಗೇ ನಿಲ್ಲುತ್ತದೆ. ಪೆರು ಅಳಿಸಿ ವಿಯೆಟ್ನಾಂ ಅಂತ ಬರೆಯಿರಿ, ಆಗಲೂ ನಿಲ್ಲುತ್ತದೆ. ಯಾವ ದೇಶಕ್ಕೆ ಹಾಕಿದರೂ ಒಪ್ಪುವ ಅಂಗಿ ಯಾವ ದೇಶದ ಮೈಯನ್ನೂ ಅಳೆದು ಹೊಲಿದದ್ದಲ್ಲ.

ನನ್ನ ಇವತ್ತಿನ ಮಾತೆಲ್ಲ ಈ ಒಂದು ಪರೀಕ್ಷೆಯ ಸುತ್ತ. ನೀವು ಬರೆದದ್ದರಲ್ಲಿ ದೇಶದ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಓದಿದವರಿಗೆ ಅದು ಯಾವ ದೇಶವೆಂಬ ಸುಳಿವು ಸಿಗಬೇಕು. ಸುಳಿವು ಕೊಡುವ ಪದಗಳು ಹೆಚ್ಚಾಗಿ ನಾಮಪದಗಳು ಮತ್ತು ಕ್ರಿಯಾಪದಗಳು. ನಾವು ಬಾಯಿಪಾಠ ಮಾಡಿಕೊಂಡು ಬಂದದ್ದು ಮಾತ್ರ ವಿಶೇಷಣಗಳ ಪಟ್ಟಿ: ಬ್ಯೂಟಿಫುಲ್, ವಂಡರ್‌ಫುಲ್, ಬ್ರೆತ್‌ಟೇಕಿಂಗ್, ಮೆಸ್ಮರೈಸಿಂಗ್. ಇವೆಲ್ಲ ನೋಡುವವನ ಉಸಿರಿನ ಕಥೆ ಹೇಳುತ್ತವೆ. ಅವನ ಮುಂದೆ ಏನಿತ್ತು ಅನ್ನುವುದನ್ನು ಹೇಳುವುದಿಲ್ಲ.

ಈ ಚಾಳಿ ಇಂಗ್ಲಿಷಿಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಚರಿತ್ರೆಯೇ ಇದೆ. 'ಲ್ಯಾಂಡ್‌ಸ್ಕೇಪ್' ಪದವನ್ನು ತೆಗೆದುಕೊಳ್ಳಿ. 16ನೇ ಶತಮಾನದ ಕೊನೆಯ ಹೊತ್ತಿಗೆ ಡಚ್ ಭಾಷೆಯಿಂದ ಚಿತ್ರಕಾರರ ಜೊತೆ ಬಂದ ಪದ ಅದು. ಇಂಗ್ಲಿಷಿನಲ್ಲಿ ಅದರ ಮೊದಲ ಅರ್ಥ ನೆಲದ ಚಿತ್ರ. ನೆಲಕ್ಕೇ ಆ ಹೆಸರು ಅಂಟಿದ್ದು ಆಮೇಲೆ. 'ಸೀನರಿ'ಯ ಹುಟ್ಟೂ ಹಾಗೆಯೇ. ಅದು ರಂಗಭೂಮಿಯ ಪದ, ನಟರ ಹಿಂದೆ ಇಳಿಬಿಡುವ ಪರದೆಗೆ ಸಂಬಂಧಪಟ್ಟದ್ದು. 18ನೇ ಶತಮಾನದಲ್ಲಿ ಅದು ನಾಟಕಮಂದಿರದಿಂದ ಹೊರಬಂದು ಬೆಟ್ಟ, ಕಣಿವೆಗಳ ಮೇಲೆ ಕೂತಿತು. ಅಂದರೆ ಪ್ರಕೃತಿಯನ್ನು ಬಣ್ಣಿಸಲು ನಾವು ದಿನವೂ ಬಳಸುವ ಎರಡು ಮುಖ್ಯ ಪದಗಳೂ ನೆಲವನ್ನು ಚೌಕಟ್ಟಿನೊಳಗೆ ಇಟ್ಟು, ದೂರ ನಿಂತು ನೋಡುವವನ ಪದಗಳು.

ಆ ಕಾಲದ ಪ್ರವಾಸಿಗಳು ಒಂದು ಪುಟ್ಟ ಕನ್ನಡಿ ಇಟ್ಟುಕೊಂಡು ಓಡಾಡುತ್ತಿದ್ದರು. ಸ್ವಲ್ಪ ಉಬ್ಬಿದ, ಕಪ್ಪು ಛಾಯೆಯ ಗಾಜು. 17ನೇ ಶತಮಾನದ ಚಿತ್ರಕಾರ ಕ್ಲಾಡ್ ಲೊರೇನ್‌ನ ಚಿತ್ರಗಳ ಹಾಗೆ ದೃಶ್ಯ ಮಾಗಿದ ಬಣ್ಣದಲ್ಲಿ ಕಾಣಿಸುತ್ತದೆಂದು ಅದಕ್ಕೆ 'ಕ್ಲಾಡ್ ಗ್ಲಾಸ್' ಅಂತ ಹೆಸರು. ಆ ಕನ್ನಡಿಯಲ್ಲಿ ಸರೋವರವನ್ನು ನೋಡಬೇಕಾದರೆ ಸರೋವರಕ್ಕೆ ಬೆನ್ನು ಹಾಕಿ ನಿಲ್ಲಬೇಕು! 'ಪಿಕ್ಚರೆಸ್ಕ್' ಎಂಬ ಪದವನ್ನು ಜನಪ್ರಿಯಗೊಳಿಸಿದ ಪಾದ್ರಿ ವಿಲಿಯಂ ಗಿಲ್ಪಿನ್ 1770ರಲ್ಲಿ ವೇಲ್ಸ್ ಗಡಿಯ ವೈ ನದಿಯ ಗುಂಟ ಪ್ರಯಾಣ ಮಾಡಿದ. ಅಲ್ಲಿ ಟಿಂಟರ್ನ್ ಎಂಬ ಕ್ರೈಸ್ತ ಮಠದ ಅವಶೇಷ ಇದೆ. ಗೋಡೆಯ ತುದಿಗಳು ತೀರಾ ನೇರವಾಗಿದ್ದು ಚಿತ್ರಕ್ಕೆ ಒಗ್ಗುವುದಿಲ್ಲ, ಕೊಡತಿಯಿಂದ ಜಾಣತನದಲ್ಲಿ ಒಂದೆರಡು ಏಟು ಹಾಕಿದರೆ ಸರಿಹೋದೀತು ಎಂದು ಅವನು ಬರೆದ. ಹಾಗೆ ಮಾಡುವ ಧೈರ್ಯ ಯಾರಿಗಿದೆ ಎಂದೂ ಕೇಳಿದ, ನಿಜ. ಆದರೂ ನನಗೆ ಆ ಕೊಡತಿ ಮರೆಯುವುದಿಲ್ಲ. 'ಪಿಕ್ಚರೆಸ್ಕ್ ವಿಲೇಜ್' ಎಂದು ಯಾರಾದರೂ ಬರೆದಾಗಲೆಲ್ಲ ಆ ಹಳ್ಳಿಯ ಯಾವ ಭಾಗವನ್ನು ಒಡೆದು ತೆಗೆದು ಈ ಚಿತ್ರ ಮಾಡಿದರೋ ಅನ್ನಿಸುತ್ತದೆ.

ಹಾಗಾದರೆ ನೆಲಕ್ಕೆ ಮುಖ ಮಾಡಿ ನಿಲ್ಲುವ ಪದಗಳು ಇಂಗ್ಲಿಷಿನಲ್ಲಿ ಇಲ್ಲವೇ? ಧಾರಾಳವಾಗಿ ಇವೆ. ಅವುಗಳಲ್ಲಿ ಬಹುಪಾಲು ಆಯಾ ನೆಲದಲ್ಲೇ ಬದುಕಿದವರ ಬಾಯಿಂದ ಬಂದಿವೆ. 'ಫ್ಯೋರ್ಡ್' ನಾರ್ವೆಯವರದು. ಹಿಮನದಿ ಕೊರೆದ ಆಳದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫ್ಯೋರ್ಡ್. ನಾರ್ವೆಯ ಸೊಗ್ನೆಫ್ಯೋರ್ಡ್ 200 ಕಿಲೋಮೀಟರಿಗೂ ಹೆಚ್ಚು ದೂರ ನೆಲದೊಳಕ್ಕೆ ಚಾಚಿದೆ, ಅದರ ಆಳ ಸುಮಾರು 1300 ಮೀಟರ್. ಕೊಲ್ಲಿ ಎನ್ನುವ 'ಬೇ'ಯಾಗಲಿ 'ಗಲ್ಫ್' ಆಗಲಿ ಈ ಕಡಿದಾದ ಗೋಡೆಗಳನ್ನೂ ಕತ್ತಲ ಆಳವನ್ನೂ ಹೇಳಲಾರವು. 'ಅಟಾಲ್' ಮಾಲ್ಡೀವ್ಸಿನ ದಿವೇಹಿ ಭಾಷೆಯಿಂದ ಬಂತು, ಉಂಗುರದಂಥ ಹವಳದ ದ್ವೀಪ. 'ಸ್ಟೆಪ್' ರಷ್ಯನ್. 'ಪಂಪಾಸ್' ಆಂಡೀಸ್‌ನ ಕೆಚುವಾ ಭಾಷೆಯದು. 'ಸವಾನ' ಕೆರಿಬಿಯನ್ ದ್ವೀಪಗಳ ತೈನೋ ಜನರಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. 'ಪ್ರೇರಿ' ಫ್ರೆಂಚ್. ಇವು ನಾಲ್ಕೂ ಹುಲ್ಲುಗಾವಲುಗಳೇ. ಆದರೆ ನಾಲ್ಕನ್ನೂ 'ಗ್ರಾಸ್‌ಲ್ಯಾಂಡ್' ಎಂದು ಬರೆದರೆ ನಾಲ್ಕು ಜಾಗಗಳು ಒಂದಾಗಿಬಿಡುತ್ತವೆ. 'ಸ್ಟೆಪ್' ಅಂದ ಕೂಡಲೇ ಯುರೇಷ್ಯಾದ ಮರವಿಲ್ಲದ ಒಣ ಬಯಲು ಕಣ್ಣ ಮುಂದೆ ಬರುತ್ತದೆ. 'ಸವಾನ' ಅಂದರೆ ಎತ್ತರದ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಮರವಿರುವ ಉಷ್ಣ ನಾಡು. ಹೆಸರು ಮುಚ್ಚಿದರೂ ನೆಲ ಕಾಣುತ್ತದೆ.

ಕೆಲವು ಪದಗಳಂತೂ ಒಂದೇ ಒಂದು ಊರು ಅಥವಾ ನದಿಯಿಂದ ಹುಟ್ಟಿ ಇಡೀ ಜಗತ್ತಿನದಾಗಿವೆ. ಪಶ್ಚಿಮ ಟರ್ಕಿಯಲ್ಲಿ ಅಂಕುಡೊಂಕಾಗಿ ಹರಿಯುವ ನದಿಯೊಂದನ್ನು ಗ್ರೀಕರು ಮಯಾಂಡ್ರೋಸ್ ಎನ್ನುತ್ತಿದ್ದರು. ಬಳಸಿ ಬಳಸಿ ಹರಿಯುವ ಯಾವ ನದಿಗೂ ಈಗ 'ಮಿಯಾಂಡರ್' ಎನ್ನುವುದು ಅದರ ಹೆಸರಿನಿಂದಲೇ. 'ಗೀಸರ್' ಪದ ಐಸ್‌ಲ್ಯಾಂಡಿನ 'ಗೇಸಿರ್' ಎಂಬ ಒಂದು ಬಿಸಿನೀರಿನ ಚಿಲುಮೆಯ ಹೆಸರು. ಸುಣ್ಣಕಲ್ಲು ಕರಗಿ ಗುಹೆ, ಕುಳಿಗಳಾದ ನೆಲಕ್ಕೆ 'ಕಾರ್ಸ್ಟ್' ಎನ್ನುತ್ತಾರಲ್ಲ, ಅದು ಸ್ಲೊವೇನಿಯ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿ.

ಪದ ಊರು ಬಿಟ್ಟರೆ ಅರ್ಥವೂ ಜಾರಬಹುದು. 'ಜಂಗಲ್' ಅಂದರೆ ಇಂಗ್ಲಿಷ್ ಓದುಗನಿಗೆ ಬಿಸಿಲು ಬೀಳದ, ಬಳ್ಳಿ ಹೆಣೆದ, ತೇವದ ದಟ್ಟ ಕಾಡು. ಅದರ ಮೂಲ ಸಂಸ್ಕೃತದ 'ಜಾಂಗಲ'. ಆಯುರ್ವೇದದ ಹಳೆಯ ಗ್ರಂಥಗಳು ನೆಲವನ್ನು ಜಾಂಗಲ, ಅನೂಪ ಎಂದು ವಿಂಗಡಿಸುವುದನ್ನು ನಿಮ್ಮಲ್ಲಿ ಕೆಲವರು ಓದಿರುತ್ತೀರಿ. ಅನೂಪ ಅಂದರೆ ನೀರಿನ ನೆಲ. ಜಾಂಗಲ ಅಂದರೆ ಅದಕ್ಕೆ ವಿರುದ್ಧವಾದ, ಕುರುಚಲು ಬೆಳೆಯುವ ಒಣ ನೆಲ! ಪದ ಇಂಗ್ಲಿಷಿಗೆ ತಲುಪುವಷ್ಟರಲ್ಲಿ ತಲೆಕೆಳಗಾಗಿದೆ. ಆದ್ದರಿಂದ ಕಾಡನ್ನು ಕಂಡಲ್ಲೆಲ್ಲ 'ಜಂಗಲ್' ಎಂದು ಬರೆಯಬೇಡಿ. ಶೀತದೇಶದ ಪೈನ್ ಮರಗಳ ಕಾಡು 'ಫಾರೆಸ್ಟ್', ಸೈಬೀರಿಯದ್ದಾದರೆ 'ಟೈಗಾ'. ಚಿಕ್ಕ ಕಾಡು 'ವುಡ್'.

ಇಂಗ್ಲೆಂಡಿನ ನೆಲದಲ್ಲೇ ಇಂಥ ಬೆರಗುಗಳಿವೆ. ದಕ್ಷಿಣ ಇಂಗ್ಲೆಂಡಿನ 'ಸೌತ್ ಡೌನ್ಸ್' ಎಂಬ ಹೆಸರು ನೋಡಿ ಅದು ತಗ್ಗು ಪ್ರದೇಶವೆಂದು ಬರೆದವರನ್ನು ನಾನು ಕಂಡಿದ್ದೇನೆ. ಅದು ಗುಡ್ಡಗಳ ಸಾಲು. ಹಳೆಯ ಇಂಗ್ಲಿಷಿನಲ್ಲಿ 'ಡೂನ್' ಅಂದರೆ ಗುಡ್ಡ. ಗುಡ್ಡದ ಮೇಲಿನಿಂದ ಎಂಬ ಅರ್ಥದ ಮಾತು ಸವೆದು ಸವೆದು ಇವತ್ತಿನ 'ಡೌನ್' ಆಗಿ, ಕೆಳಗೆ ಎಂಬ ಅರ್ಥ ಹೊತ್ತುಕೊಂಡಿತು. 'ರಿವರ್ ಏವನ್' ಎಂಬುದರಲ್ಲಿ ಏವನ್ ಅಂದರೆ ಅಲ್ಲಿ ಮುಂಚೆ ಇದ್ದವರ ಕೆಲ್ಟಿಕ್ ನುಡಿಯಲ್ಲಿ ನದಿ ಎಂದೇ ಅರ್ಥ. ಹೊಸದಾಗಿ ಬಂದವರಿಗೆ ಅದು ತಿಳಿಯದೆ, ನದಿಯ ಹೆಸರೇ ಏವನ್ ಎಂದುಕೊಂಡು ನದಿ ನದಿ ಎಂದು ಕರೆಯುತ್ತಾ ಬಂದಿದ್ದಾರೆ. ಉತ್ತರ ಇಂಗ್ಲೆಂಡಿನ 'ಫೆಲ್', 'ಡೇಲ್', 'ಬೆಕ್' ಇವೆಲ್ಲ ವೈಕಿಂಗರ ಜೊತೆ ಬಂದ ಪದಗಳು. ಬೆಟ್ಟ, ಕಣಿವೆ, ತೊರೆ ಎಂದು ಅರ್ಥ. ಒಂದು ಜಾಗದ ಬಣ್ಣನೆಯಲ್ಲಿ ಇಂಥ ಒಂದು ಪದ ಸರಿಯಾಗಿ ಬಿದ್ದರೆ, ಅಲ್ಲಿ ಯಾರು ಬಂದು ನೆಲೆಸಿದ್ದರು ಎಂಬ ಚರಿತ್ರೆಯೂ ಅದರೊಳಗೇ ಬಂದುಬಿಡುತ್ತದೆ.

ಕನ್ನಡದವರಿಗೆ ಈ ಸೂಕ್ಷ್ಮ ಹೊಸದೇನಲ್ಲ. ದಿಬ್ಬ, ಗುಡ್ಡ, ಬೆಟ್ಟ, ಪರ್ವತ. ಹಳ್ಳ, ತೊರೆ, ಹೊಳೆ, ನದಿ. ಇವುಗಳ ನಡುವಿನ ಅಂತರ ನಮಗೆ ಯಾರೂ ಕಲಿಸದೆ ಗೊತ್ತು. ಇಂಗ್ಲಿಷಿಗೆ ಹೋದ ಕೂಡಲೇ ಎಲ್ಲ ಏರೂ 'ಮೌಂಟನ್', ಎಲ್ಲ ಹರಿವೂ 'ರಿವರ್' ಆಗುತ್ತದೆ. ಸಮಸ್ಯೆ ಇರುವುದು ಕಣ್ಣಿನಲ್ಲಲ್ಲ, ಪದಗಳ ಕೊರತೆಯಲ್ಲಿ. ಹಾಗಂತ ಪ್ರತಿ ಜೋಡಿಯೂ ಒಂದಕ್ಕೊಂದು ಕೂರುವುದಿಲ್ಲ. ದಡ ಎಂಬ ಒಂದೇ ಪದ ನಮಗೆ ನದಿಗೂ ಕೆರೆಗೂ ಸಮುದ್ರಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ನದಿಯ ದಡ 'ಬ್ಯಾಂಕ್', ಸರೋವರದ ದಡ 'ಶೋರ್'. ಸಮುದ್ರಕ್ಕೆ 'ಶೋರ್' ಮತ್ತು 'ಕೋಸ್ಟ್' ಎರಡೂ ಉಂಟು. ನೀರು ನೆಲ ಸಂಧಿಸುವ ಅಂಚು 'ಶೋರ್', ನಕ್ಷೆಯಲ್ಲಿ ಕಾಣುವ ಉದ್ದನೆಯ ಕರಾವಳಿ 'ಕೋಸ್ಟ್', ನಡೆದಾಡುವ ಮರಳು 'ಬೀಚ್'. ಜೌಗು ನೆಲದಲ್ಲೂ ಹೀಗೆಯೇ: ಮರಗಳು ನಿಂತಿದ್ದರೆ 'ಸ್ವಾಂಪ್', ಹುಲ್ಲು ಆಪುಗಳು ಮಾತ್ರ ಇದ್ದರೆ 'ಮಾರ್ಷ್', ಮಳೆನೀರು ನಿಂತು ಗಿಡಗಳು ಅರೆಕೊಳೆತು ಪದರ ಪದರವಾಗಿ ಕೂತಿದ್ದರೆ 'ಬಾಗ್'.

ಕ್ರಿಯಾಪದಗಳಿಗೆ ಬರುತ್ತೇನೆ. ನನ್ನ ಅನುಭವದಲ್ಲಿ ಬರವಣಿಗೆ ಬದಲಾಗುವುದು ಇಲ್ಲಿ. ಕನ್ನಡದಲ್ಲಿ ಬೆಟ್ಟದ ಸಾಲು ಹಬ್ಬುತ್ತದೆ, ಬಯಲು ಮೈಚಾಚಿ ಮಲಗುತ್ತದೆ, ದಾರಿ ಬಳುಕುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದೇ ಮನುಷ್ಯ 'ದೇರ್ ಈಸ್ ಎ ಮೌಂಟನ್, ದೇರ್ ಈಸ್ ಎ ರಿವರ್' ಎಂದು ಸಾಮಾನಿನ ಪಟ್ಟಿ ಓದುತ್ತಾನೆ. ಇಂಗ್ಲಿಷಿನಲ್ಲೂ ಬೆಟ್ಟ 'ರೈಸಸ್', ಬಯಲು 'ಸ್ಟ್ರೆಚಸ್', ಊರು ಕಣಿವೆಯಲ್ಲಿ 'ಲೈಸ್', ಕೋಟೆ ಬಂದರನ್ನು 'ಓವರ್‌ಲುಕ್ಸ್', ದಾರಿ 'ವೈಂಡ್ಸ್'. ಅಲುಗದ ವಸ್ತುಗಳಿಗೆ ಚಲನೆಯ ಪದ ಕೊಡುವುದು ಎರಡು ಭಾಷೆಗೂ ಸಹಜ.

ಬೊಟ್ಸ್ವಾನದ ಒಕವಾಂಗೊ ನದಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನನಗೆ ತುಂಬ ಇಷ್ಟವಾದ ಉದಾಹರಣೆ ಇದು. ಈ ನದಿ ಅಂಗೋಲದ ಎತ್ತರದ ನಾಡಿನಲ್ಲಿ 'ರೈಸಸ್', ಅಂದರೆ ಹುಟ್ಟುತ್ತದೆ. ಬೆಟ್ಟಕ್ಕೆ ಏಳು ಎಂಬ ಅರ್ಥ ಕೊಡುವ ಪದವೇ ನದಿಗೆ ಹುಟ್ಟು ಎಂಬ ಅರ್ಥ ಕೊಡುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹರಿದು ನಮೀಬಿಯದ ಒಂದು ಪಟ್ಟಿಯನ್ನು 'ಕ್ರಾಸಸ್'. ಬೊಟ್ಸ್ವಾನದ ಸಮತಟ್ಟಾದ ಮರಳಿಗೆ ಬಂದ ಮೇಲೆ ಬೀಸಣಿಗೆಯ ಹಾಗೆ ಹರಡುತ್ತದೆ, 'ಫ್ಯಾನ್ಸ್ ಔಟ್'. ಸಮುದ್ರವನ್ನು ಅದು ಎಂದೂ 'ರೀಚ್' ಮಾಡುವುದಿಲ್ಲ. ಕಲಹರಿಯ ಮರಳಿಗೆ 'ಸೀಪ್ಸ್', ಗಾಳಿಗೆ 'ಇವ್ಯಾಪೊರೇಟ್ಸ್'. ಅಂಗೋಲದಲ್ಲಿ ಬಿದ್ದ ಮಳೆ ಇಲ್ಲಿಗೆ ಬಂದು ತಲುಪಲು ತಿಂಗಳುಗಳೇ ಹಿಡಿಯುವುದರಿಂದ, ಬೊಟ್ಸ್ವಾನದಲ್ಲಿ ಒಂದು ಹನಿ ಮಳೆಯಿಲ್ಲದ ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ತಿಂಗಳುಗಳಲ್ಲೇ ನೆರೆ ತುಂಬುತ್ತದೆ. ಸುತ್ತಲ ಕಾಡುಪ್ರಾಣಿಗಳೆಲ್ಲ ಆಗ ಅಲ್ಲಿ 'ಗ್ಯಾದರ್'. 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ 1000ನೇ ತಾಣವಾಗಿ ಸೇರಿದ್ದು ಇದು. ಹೇಳಿ, ಇಷ್ಟರಲ್ಲಿ ನಾನು ಎಲ್ಲಾದರೂ ಬ್ಯೂಟಿಫುಲ್ ಅಂದೆನೇ? ನಿಮಗೆ ಚೆಲುವು ಕಾಣಲಿಲ್ಲವೇ?

ನಡುವೆ ಒಂದು ಸಣ್ಣ ವ್ಯಾಕರಣದ ಮಾತು. ಕನ್ನಡದ 'ಉತ್ತರಕ್ಕೆ' ಎಂಬುದು ಇಂಗ್ಲಿಷಿನಲ್ಲಿ ಎರಡಾಗಿ ಸೀಳುತ್ತದೆ. ಟುನೀಶಿಯ ಆಫ್ರಿಕಾದ ಒಳಗೇ ಇರುವುದರಿಂದ 'ಇನ್ ದ ನಾರ್ತ್ ಆಫ್ ಆಫ್ರಿಕಾ'. ಇಟಲಿ ಟುನೀಶಿಯದ ಹೊರಗಿರುವುದರಿಂದ 'ಟು ದ ನಾರ್ತ್ ಆಫ್ ಟುನೀಶಿಯ'. ಕರಾವಳಿಯ ಊರು 'ಆನ್ ದ ಕೋಸ್ಟ್', ಕರಾವಳಿಯಾಚೆ ನೀರಿನಲ್ಲಿರುವ ಜಾಂಜಿಬಾರ್ 'ಆಫ್ ದ ಕೋಸ್ಟ್'. ನದಿ, ಪರ್ವತಶ್ರೇಣಿ, ದ್ವೀಪಸಮೂಹಗಳ ಹೆಸರಿಗೆ ಮೊದಲು 'ದ' ಬೇಕು: ದ ನೈಲ್, ದ ಆಲ್ಪ್ಸ್, ದ ಬಹಾಮಾಸ್. ಒಂಟಿ ಶಿಖರಕ್ಕೂ ಸರೋವರಕ್ಕೂ ಸಾಮಾನ್ಯವಾಗಿ ಬೇಡ. ಇದು ಬರೀ ವ್ಯಾಕರಣವೂ ಅಲ್ಲ. ಯುಕ್ರೇನ್ 1991ರಲ್ಲಿ ಸ್ವತಂತ್ರವಾದ ಮೇಲೆ 'ದ ಯುಕ್ರೇನ್' ಎನ್ನುವುದನ್ನು ಬಿಡಬೇಕೆಂದು ಅಲ್ಲಿನವರು ಕೇಳುತ್ತಾ ಬಂದರು. ಆ 'ದ' ತಮ್ಮ ನಾಡನ್ನು ಇನ್ನೊಂದು ದೇಶದ ಪ್ರಾಂತ್ಯದಂತೆ ಕಾಣಿಸುತ್ತದೆ ಎಂಬುದು ಅವರ ನೋವು. ನೆದರ್ಲೆಂಡ್ಸ್‌ಗೆ 'ಹಾಲೆಂಡ್' ಎನ್ನುವುದೂ ಸರಿಯಲ್ಲ, ಅದು ಆ ದೇಶದ ಎರಡು ಪ್ರಾಂತ್ಯಗಳ ಹೆಸರು. ಇಂಗ್ಲೆಂಡ್, ಗ್ರೇಟ್ ಬ್ರಿಟನ್, ಯುನೈಟೆಡ್ ಕಿಂಗ್‌ಡಂ ಈ ಮೂರೂ ಒಂದೇ ಎಂದು ಬರೆದರೆ ಸ್ಕಾಟ್ಲೆಂಡಿನ ಓದುಗ ಅಲ್ಲಿಗೇ ಓದು ನಿಲ್ಲಿಸುತ್ತಾನೆ.

ಇನ್ನು ಸಂಸ್ಕೃತಿ. 'ಕಲ್ಚರ್' ಪದದ ಬೇರು ಲ್ಯಾಟಿನ್‌ನಲ್ಲಿ ಉಳುಮೆಗೆ ಸಂಬಂಧಪಟ್ಟದ್ದು, 'ಅಗ್ರಿಕಲ್ಚರ್'ನಲ್ಲಿ ಅದು ಈಗಲೂ ಇದೆ. ನೆಲ ಮತ್ತು ಸಂಸ್ಕೃತಿ ಬೇರೆ ಬೇರೆ ಅಧ್ಯಾಯಗಳೆಂದು ನಾವು ಬರೆಯುತ್ತೇವೆ, ಪದಕ್ಕೆ ಹಾಗೆ ಗೊತ್ತಿಲ್ಲ. ಫಿಲಿಪೈನ್ಸಿನ ಇಫುಗಾವ್ ಜನ ಕಡಿದಾದ ಬೆಟ್ಟಗಳಿಗೆ ಮೆಟ್ಟಿಲು ಕಡಿದು, ಕಾಡಿನ ತೊರೆಗಳಿಂದ ನೀರು ತಿರುಗಿಸಿ ಭತ್ತ ಬೆಳೆಯುತ್ತಾರೆ. ಅದನ್ನು ದೂರದಿಂದ ನೋಡಿದವರು 'ನ್ಯಾಚುರಲ್ ಬ್ಯೂಟಿ' ಎಂದು ಬರೆದರೆ ಆ ಒಂದು ಪದದಲ್ಲಿ ತಲೆಮಾರುಗಳ ಬೆವರು ಒರೆಸಿ ಹೋಗುತ್ತದೆ. ಯುನೆಸ್ಕೊ 1992ರಲ್ಲಿ 'ಕಲ್ಚರಲ್ ಲ್ಯಾಂಡ್‌ಸ್ಕೇಪ್' ಎಂಬ ವರ್ಗವನ್ನು ಒಪ್ಪಿಕೊಂಡಿತು. ಮನುಷ್ಯರು ಮತ್ತು ನೆಲ ಸೇರಿ ಕಟ್ಟಿದ ದೃಶ್ಯ ಎಂದು ಅರ್ಥ. ಇಫುಗಾವ್ ಗದ್ದೆಗಳು 1995ರಲ್ಲಿ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ 2017ರಲ್ಲಿ ಈ ಹೆಸರಿನಡಿ ಪಟ್ಟಿಗೆ ಸೇರಿದವು. ನನ್ನ ಪ್ರಕಾರ ಕಳೆದ ಐವತ್ತು ವರ್ಷಗಳಲ್ಲಿ ಈ ಕ್ಷೇತ್ರದ ಶಬ್ದಕೋಶಕ್ಕೆ ಬಂದ ಅತ್ಯಂತ ಉಪಯುಕ್ತ ಜೋಡಿಪದ ಇದು. 'ಅನ್‌ಟಚ್ಡ್', 'ಅನ್‌ಸ್ಪಾಯ್ಲ್ಟ್', 'ವರ್ಜಿನ್' ಇಂಥ ಪದಗಳನ್ನು ಬರೆಯುವ ಮುಂಚೆ ಅಲ್ಲಿ ಯಾರ ಕೈ ಮುಟ್ಟಿತ್ತು ಎಂದು ಒಮ್ಮೆ ವಿಚಾರಿಸಿ. 1872ರಲ್ಲಿ ಅಮೆರಿಕ ಯೆಲ್ಲೋಸ್ಟೋನನ್ನು ರಾಷ್ಟ್ರೀಯ ಉದ್ಯಾನ ಮಾಡಿತು. ಎಲ್ಲರೂ ಅದನ್ನು 'ವೈಲ್ಡರ್‌ನೆಸ್' ಎಂದು ಕರೆಯುತ್ತಿದ್ದ ಆ ಕಾಲದಲ್ಲೇ ಶೊಶೋನಿ ಜನ ಅಲ್ಲಿ ಕುರಿಜಾತಿಯ ಕಾಡುಪ್ರಾಣಿಗಳನ್ನು ಬೇಟೆಯಾಡಿ ಬದುಕುತ್ತಿದ್ದರು.

ಆಚರಣೆಗಳ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ಒಬ್ಬನ ರೂಢಿ 'ಹ್ಯಾಬಿಟ್', ಸಮುದಾಯದ ರೂಢಿ 'ಕಸ್ಟಮ್', ತಲೆಮಾರಿನಿಂದ ತಲೆಮಾರಿಗೆ ಕೈದಾಟುವುದು 'ಟ್ರಡಿಶನ್', ಗೊತ್ತಾದ ಕ್ರಮದಲ್ಲೇ ನಡೆಯಬೇಕಾದ ವಿಧಿ 'ರಿಚುಯಲ್', ಗಂಭೀರವಾದ ಸಾರ್ವಜನಿಕ ಸಮಾರಂಭ 'ಸೆರಮನಿ'. ಇದಕ್ಕಿಂತ ಕಷ್ಟದ್ದು ಬೇರೆ ಇದೆ. ನ್ಯೂಜಿಲೆಂಡಿನ ಮಾವೊರಿ ಜನರ 'ಹಾಕಾ'ವನ್ನು ಅನೇಕರು 'ವಾರ್ ಡ್ಯಾನ್ಸ್' ಎಂದು ಅನುವಾದಿಸಿ ಮುಗಿಸುತ್ತಾರೆ. ಅತಿಥಿಗಳನ್ನು ಬರಮಾಡಿಕೊಳ್ಳುವಾಗ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕೂಡ ಹಾಕಾ ಮಾಡುತ್ತಾರೆ. ಅಗಲಿದವರ ಮುಂದೆ ಕಣ್ಣೀರು ಸುರಿಸುತ್ತಾ ಮಾಡುವ ಹಾಕಾವನ್ನು ಯುದ್ಧನೃತ್ಯ ಎಂದರೆ ಎಷ್ಟು ಅನ್ಯಾಯ! ಇಂಥಲ್ಲಿ ಅವರ ಪದವನ್ನೇ ಇಟ್ಟು, ಅದು ಏನು, ಯಾವಾಗ, ಯಾಕೆ ಎಂದು ಒಂದು ವಾಕ್ಯದಲ್ಲಿ ಹೇಳಿ. 'ಎಕ್ಸಾಟಿಕ್' ಎಂಬ ಪದವನ್ನು ಮನುಷ್ಯರಿಗೆ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಹೊರಗಿನದು. ಯಾರೂ ತಮ್ಮ ಮನೆಯಲ್ಲಿ ಹೊರಗಿನವರಲ್ಲ. 'ಸ್ಟಿಲ್' ಎಂಬ ಪುಟ್ಟ ಪದದ ಮೇಲೂ ಕಣ್ಣಿರಲಿ. 'ದೇ ಸ್ಟಿಲ್ ವೀವ್ ಬೈ ಹ್ಯಾಂಡ್' ಎಂದರೆ, ಇಷ್ಟು ಹೊತ್ತಿಗೆ ಬಿಟ್ಟಿರಬೇಕಿತ್ತು ಎಂಬ ಧ್ವನಿ ಸೇರಿಕೊಳ್ಳುತ್ತದೆ. ಆ ಪದ ತೆಗೆದು ಓದಿ, ನೇಕಾರರ ಗೌರವ ಮರಳಿ ಬರುತ್ತದೆ.

ಚರಿತ್ರೆಯ ಪದಗಳಿಗೆ ಹೆಚ್ಚು ಹೊತ್ತು ಕೊಡಬೇಕು, ಇಲ್ಲಿ ಪದ ತಪ್ಪಿದರೆ ಸತ್ಯವೇ ತಪ್ಪುತ್ತದೆ. 'ಹಿಸ್ಟಾರಿಕ್' ಅಂದರೆ ಚರಿತ್ರೆಯಲ್ಲಿ ಮಹತ್ವದ್ದು, 'ಹಿಸ್ಟಾರಿಕಲ್' ಅಂದರೆ ಚರಿತ್ರೆಗೆ ಸಂಬಂಧಪಟ್ಟದ್ದು ಎಂಬುದನ್ನು ಎಲ್ಲ ಮೇಷ್ಟ್ರುಗಳೂ ಹೇಳಿಕೊಟ್ಟಿರುತ್ತಾರೆ. ನಾನು ಕ್ರಿಯಾಪದಗಳ ಬಗ್ಗೆ ಹೇಳುತ್ತೇನೆ.

ಆಫ್ರಿಕಾದಲ್ಲಿ ಗ್ರೇಟ್ ಜಿಂಬಾಬ್ವೆ ಎಂಬ ಕಲ್ಲಿನ ನಗರದ ಅವಶೇಷ ಇದೆ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು ಕೆಲವು ಕಡೆ 11 ಮೀಟರ್ ಎತ್ತರ ಇವೆ. 'ಇಟ್ ವಾಸ್ ಬಿಲ್ಟ್ ಬಿಟ್ವೀನ್ ದ ಇಲೆವೆಂತ್ ಅಂಡ್ ಫಿಫ್ಟೀನ್ತ್ ಸೆಂಚುರೀಸ್' ಎಂಬ ವಾಕ್ಯ ವ್ಯಾಕರಣದಲ್ಲಿ ಸರಿ. ಆದರೆ ಕಟ್ಟಿದವರು ಯಾರು? ಕರ್ಮಣಿ ಪ್ರಯೋಗ ಅವರನ್ನು ಬಾಗಿಲ ಹಿಂದೆ ನಿಲ್ಲಿಸುತ್ತದೆ. ಈ ಮರೆ ಇಲ್ಲಿ ತುಂಬ ದುಬಾರಿಯಾಯಿತು. 1871ರಲ್ಲಿ ಇಲ್ಲಿಗೆ ಬಂದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್ ಇದನ್ನು ಬೈಬಲ್ಲಿನ ಶೀಬಾ ರಾಣಿಗೆ ಜೋಡಿಸಿದ. ಇಂಥದ್ದನ್ನು ಆಫ್ರಿಕನ್ನರು ಕಟ್ಟಿರಲಾರರು ಎಂಬ ನಂಬಿಕೆ ವಸಾಹತುಗಾರರಿಗೆ ಅನುಕೂಲವಾಗಿತ್ತು. 1905ರಲ್ಲಿ ಡೇವಿಡ್ ರಾಂಡಲ್ ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆತ ನಡೆಸಿ, ಇದು ಸ್ಥಳೀಯ ಆಫ್ರಿಕನ್ನರದೇ ಕೆಲಸ ಎಂದು ತೋರಿಸಿಕೊಟ್ಟರು. ಆಮೇಲೂ ದಶಕಗಳ ಕಾಲ ಬರಹಗಳಲ್ಲಿ 'ಮಿಸ್ಟೀರಿಯಸ್ ರೂಯಿನ್ಸ್' ಎಂಬ ಮಾತು ಹೋಗಲಿಲ್ಲ. ನಿಗೂಢ ಯಾರಿಗೆ? ಶೋನಾ ಜನರ ಪೂರ್ವಿಕರು ಕಟ್ಟಿದರು ಎಂದು ಬರೆದರೆ ನಿಗೂಢ ಉಳಿಯುವುದಿಲ್ಲ. ಶೋನಾ ಭಾಷೆಯಲ್ಲಿ ಕಲ್ಲುಮನೆಗಳು ಎಂಬ ಅರ್ಥದ 'ಜಿಂಬಾಬ್ವೆ' ಪದವನ್ನೇ ದೇಶ 1980ರಲ್ಲಿ ಸ್ವತಂತ್ರವಾದಾಗ ತನ್ನ ಹೆಸರಾಗಿ ಇಟ್ಟುಕೊಂಡಿತು. 'ಬಿಲ್ಟ್ ಬೈ' ಎಂಬುದರ ಆ ಪುಟ್ಟ 'ಬೈ' ಎಷ್ಟು ಭಾರ ಹೊರುತ್ತದೆ ನೋಡಿ.

'ಡಿಸ್ಕವರ್' ಇನ್ನೊಂದು. 1642ರಲ್ಲಿ ಡಚ್ ನಾವಿಕ ಆಬೆಲ್ ಟಾಸ್ಮನ್ ನ್ಯೂಜಿಲೆಂಡನ್ನು ಕಂಡುಹಿಡಿದ ಎಂದು ಬರೆಯುತ್ತಾರೆ. ಅದಕ್ಕೆ ಶತಮಾನಗಳ ಮುಂಚೆಯೇ ಪಾಲಿನೇಷ್ಯದಿಂದ ದೋಣಿಗಳಲ್ಲಿ ಬಂದವರು ಅಲ್ಲಿ ನೆಲೆಸಿ, ದಡದ ಮೇಲೆ ನಿಂತು ಟಾಸ್ಮನ್‌ನ ಹಡಗುಗಳನ್ನು ನೋಡುತ್ತಿದ್ದರು. 'ಸೈಟೆಡ್' ಎನ್ನಿ, 'ರೀಚ್ಡ್' ಎನ್ನಿ, ಯೂರೋಪಿಯನ್ನರಲ್ಲಿ ಮೊದಲಿಗ ಎನ್ನಿ. ನಿಜವೂ ಹೌದು, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಒಂದೇ ಘಟನೆಗೆ ಎಷ್ಟು ಕ್ರಿಯಾಪದ ಹೊಂದುತ್ತವೆ ಅನ್ನುವುದಕ್ಕೆ ಬೊಲಿವಿಯ ಸಾಕು. ಪಠ್ಯಗಳಲ್ಲಿ ಅದು 'ಲ್ಯಾಂಡ್‌ಲಾಕ್ಡ್ ಕಂಟ್ರಿ', ಸುತ್ತ ನೆಲವೇ ಇರುವ ದೇಶ. ಭೂಗೋಳದ ಪದ, ತಣ್ಣಗಿದೆ. 1879ರಲ್ಲಿ ಶುರುವಾದ ಯುದ್ಧದಲ್ಲಿ ಬೊಲಿವಿಯದ ಕರಾವಳಿ ಚಿಲಿಯ ಕೈಸೇರಿತು. 1904ರ ಒಪ್ಪಂದ ಅದನ್ನು ಕಾಗದದ ಮೇಲೆ ಕಾಯಂ ಮಾಡಿತು. ಈಗ ಹೇಗೆ ಬರೆಯುತ್ತೀರಿ? 'ಬೊಲಿವಿಯ ಲಾಸ್ಟ್ ಇಟ್ಸ್ ಕೋಸ್ಟ್' ಎಂದರೆ ಕಳೆದುಕೊಂಡಿತು, ಯಾರು ತೆಗೆದುಕೊಂಡರೆಂದು ಇಲ್ಲ. 'ಸೀಡೆಡ್' ಎಂದರೆ ಒಪ್ಪಂದದಂತೆ ಬಿಟ್ಟುಕೊಟ್ಟಿತು. 'ಚಿಲಿ ಅನೆಕ್ಸ್ಡ್' ಎಂದರೆ ಚಿಲಿ ವಶಪಡಿಸಿ ಸೇರಿಸಿಕೊಂಡಿತು. ಮೂರೂ ಶಬ್ದಕೋಶದಲ್ಲಿ ಅಕ್ಕಪಕ್ಕದಲ್ಲಿವೆ, ಮೂವರು ಬೇರೆ ಬೇರೆ ಸಾಕ್ಷಿಗಳ ಹೇಳಿಕೆಯಂತೆ. ಬೊಲಿವಿಯ ಇವತ್ತಿಗೂ ನೌಕಾಪಡೆ ಇಟ್ಟುಕೊಂಡಿದೆ, ಅದು ಟಿಟಿಕಾಕಾ ಸರೋವರದಲ್ಲೂ ನದಿಗಳಲ್ಲೂ ಓಡಾಡುತ್ತದೆ. ಪ್ರತಿ ಮಾರ್ಚ್ 23ರಂದು ಸಮುದ್ರದ ದಿನ ಆಚರಿಸುತ್ತದೆ. ಅದನ್ನು ತಿಳಿದ ಮೇಲೆ 'ಲ್ಯಾಂಡ್‌ಲಾಕ್ಡ್' ಎಂಬ ಪದವನ್ನು ಮೊದಲಿನಷ್ಟು ತಣ್ಣಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಈಗ ಐಸ್‌ಲ್ಯಾಂಡಿನ ಆ ಮೊದಲ ವಾಕ್ಯಕ್ಕೆ ಹಿಂದಿರುಗೋಣ. ಮೂರು ವಿಶೇಷಣ ತೆಗೆದು ಒಂದೇ ಜಾಗ ಹಿಡಿದುಕೊಳ್ಳೋಣ: ಥಿಂಗ್‌ವೆಲ್ಲಿರ್. ಉತ್ತರ ಅಮೆರಿಕದ ಮತ್ತು ಯುರೇಷ್ಯಾದ ಭೂಫಲಕಗಳು ಒಂದರಿಂದೊಂದು ದೂರ ಸರಿಯುತ್ತಿರುವುದರಿಂದ ಅಲ್ಲಿ ನೆಲ ಸೀಳಿ ಕುಸಿದಿದೆ, ಅದಕ್ಕೆ ಪದ 'ರಿಫ್ಟ್ ವ್ಯಾಲಿ'. ಆ ಕಣಿವೆಯ ಬಂಡೆಗೋಡೆಯ ಕೆಳಗೆ 930ರಲ್ಲಿ ದ್ವೀಪದ ಮುಖಂಡರು ಬಯಲಿನಲ್ಲೇ ಸಭೆ ಸೇರತೊಡಗಿದರು, 'ಅಸೆಂಬ್ಲಿ'. ಕಾನೂನು ಬರಹಕ್ಕೆ ಇಳಿಯುವ ಮುಂಚೆ ಅದನ್ನು ಬಾಯಲ್ಲಿ ಒಪ್ಪಿಸುವ ಒಬ್ಬನಿದ್ದ, 'ಲಾ ಸ್ಪೀಕರ್'. ಅವನು ಆ ಸಭೆಯಲ್ಲಿ ವರ್ಷಕ್ಕೆ ಮೂರನೇ ಒಂದು ಪಾಲಿನಂತೆ ನೆನಪಿನಿಂದ 'ರಿಸೈಟ್' ಮಾಡುತ್ತಿದ್ದ. 1262ರ ಹೊತ್ತಿಗೆ ಐಸ್‌ಲ್ಯಾಂಡಿನವರು ನಾರ್ವೆಯ ರಾಜನಿಗೆ ನಿಷ್ಠೆ ಒಪ್ಪಿಸಿದರು, ಮುಂದೆ ಡೆನ್ಮಾರ್ಕಿನ ಅಧೀನಕ್ಕೆ ಬಂದರು. 1944ರ ಜೂನ್ 17ರಂದು ಗಣರಾಜ್ಯ ಘೋಷಿಸಿದ್ದು ಮತ್ತೆ ಅದೇ ಬಂಡೆಗೋಡೆಯ ಕೆಳಗೆ, 'ಪ್ರೊಕ್ಲೇಮ್ಡ್'. ನೆಲ, ಸಂಸ್ಕೃತಿ, ಚರಿತ್ರೆ ಮೂರೂ ಒಂದೇ ಬಿರುಕಿನಲ್ಲಿ ಸಿಕ್ಕವು. ಬಳಸಿದ ಹೊಸ ಪದ ಹೆಚ್ಚೆಂದರೆ ಐದು. ಈ ಐದರಲ್ಲಿ ಯಾವುದೂ ಹೊಗಳಿಕೆಯ ಪದವಲ್ಲ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: "ಸರ್, ಅಲ್ಲಿನ ಪದವನ್ನೇ ಇಂಗ್ಲಿಷ್ ವಾಕ್ಯದಲ್ಲಿ ಇಡಿ ಅಂತೀರಿ. ಪರೀಕ್ಷೆಯಲ್ಲಿ ಅದನ್ನು ತಪ್ಪು ಅಂತ ಹೊಡೆದು ಹಾಕಿದರೆ?"

ನಾನು ಕೊಟ್ಟ ಉತ್ತರ ಇದು. ಮೊದಲ ಸಲ ಪದವನ್ನು ಬರೆದ ಕೂಡಲೇ ಅಲ್ಪವಿರಾಮ ಹಾಕಿ ಏಳೆಂಟು ಪದಗಳಲ್ಲಿ ಅದರ ಅರ್ಥ ಹೇಳಿ. ಎರಡನೇ ಸಲದಿಂದ ಅರ್ಥ ಬೇಡ, ಉದ್ಧರಣ ಚಿಹ್ನೆಯೂ ಬೇಡ. ಓದುವವರು ತಪ್ಪು ಎನ್ನಲು ಕಾರಣವೇ ಇರುವುದಿಲ್ಲ. ಇಂಗ್ಲಿಷ್ ಭಾಷೆ ಬೆಳೆದದ್ದೇ ಹೀಗೆ. ಜಪಾನೀಯರಲ್ಲಿ 'ತ್ಸು' ಅಂದರೆ ಬಂದರು, 'ನಾಮಿ' ಅಂದರೆ ಅಲೆ. ಆಳ ಕಡಲಿನಲ್ಲಿ ಅದು ಹಾದುಹೋದದ್ದೇ ಮೀನುಗಾರನಿಗೆ ತಿಳಿಯುವುದಿಲ್ಲ, ಬಂದರಿಗೆ ಮರಳಿ ಬಂದಾಗ ಊರೇ ಇರುವುದಿಲ್ಲ. ಇಂಗ್ಲಿಷಿನವರು ಬಹುಕಾಲ ಅದನ್ನು 'ಟೈಡಲ್ ವೇವ್' ಎನ್ನುತ್ತಿದ್ದರು, ಉಬ್ಬರವಿಳಿತಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ. ಕೊನೆಗೆ ವಿಜ್ಞಾನಿಗಳೂ ಪತ್ರಿಕೆಗಳೂ ತಮ್ಮ ಪದವನ್ನು ಬಿಟ್ಟು, ಆ ಅಲೆಯನ್ನು ದಡದಲ್ಲಿ ನಿಂತು ಕಂಡವರ ಪದವನ್ನೇ ಹಿಡಿದರು.